ರೋಮಿನ ಅವಶೇಷಗಳನ್ನು ತೋರಿಸಿದವರು

ರೋಮ್ ನಗರದ ಪ್ರಾಚೀನ ಕಟ್ಟಡಗಳನ್ನು ಕಟ್ಟಿಸಿದ ಸಾಮ್ರಾಟರ ಬಗೆಗೂ, ಮಣ್ಣಿನಡಿ ಹೂತುಹೋದ ಅವನ್ನು ಅಗೆದು ಹೊರತೆಗೆದ ಪುರಾತತ್ತ್ವಜ್ಞರ ಬಗೆಗೂ ಗ್ರಂಥಗಳಿಗೆ ಕೊರತೆಯಿಲ್ಲ. ಆದರೆ ಪಾಳುಗೋಡೆಗಳ ನಡುವೆ ನಿಂತು, ದೂರದೂರುಗಳಿಂದ ಬಂದವರಿಗೆ ಇದು ಇಂಥವನ ಅರಮನೆ, ಇದು ಇಂಥ ದೇವರ ಗುಡಿ ಎಂದು ತೋರಿಸುತ್ತ ಹೊಟ್ಟೆ ಹೊರೆದ ಮಾರ್ಗದರ್ಶಿಗಳ ಚರಿತ್ರೆ ಮಾತ್ರ ಅಂಥ ಗ್ರಂಥಗಳ ಅಡಿಟಿಪ್ಪಣಿಗಳಲ್ಲೇ ಉಳಿದುಬಿಟ್ಟಿದೆ. ಇದು ಅನ್ಯಾಯ. ಫೋರಂ ಎಂದರೆ ಮಾರುಕಟ್ಟೆ, ನ್ಯಾಯಸ್ಥಾನ, ಗುಡಿ, ಸಭಾಭವನಗಳಿಂದ ಸುತ್ತುವರಿದಿದ್ದ, ಪ್ರಾಚೀನ ರೋಮಿನ ನಟ್ಟನಡುವಿನ ಬಯಲು. ಅಲ್ಲಿ ಇಂದಿಗೂ ಒತ್ತೊತ್ತಾಗಿ ನಿಂತಿರುವ ಮೂರು ಕಂಬಗಳನ್ನು ತಾನಾಗಿ ನೋಡಿದವನಿಗೆ ಮೂರು ಕಂಬಗಳಷ್ಟೇ ಕಾಣುತ್ತವೆ, ಕ್ಯಾಸ್ಟರ್ ಮತ್ತು ಪೊಲಕ್ಸ್ ಎಂಬ ಅವಳಿ ದೇವತೆಗಳ ಗುಡಿಯನ್ನು ಅವುಗಳಲ್ಲಿ ಕಾಣಿಸಬೇಕಾದವನು ಪಕ್ಕದಲ್ಲಿ ನಿಂತ ಗೈಡು. ಅವನು ಹೇಳಿದ್ದು ನಿಜವಿರಬಹುದು, ಶುದ್ಧ ಸುಳ್ಳೂ ಇರಬಹುದು. ಆದರೆ ಯಾವ ಕಲ್ಲು ಉಳಿಯಬೇಕು, ಯಾವುದು ಸುಣ್ಣದ ಗೂಡಿಗೆ ಬೀಳಬೇಕು ಎಂಬುದನ್ನು ಎಷ್ಟೋ ಬಾರಿ ಅಂಥ ಮಾತೇ ತೀರ್ಮಾನಿಸಿದೆ.

ಸುಣ್ಣದ ಗೂಡಿನ ಮಾತು ಅಲಂಕಾರಕ್ಕೆ ಆಡಿದ್ದಲ್ಲ. ಅಮೃತಶಿಲೆಯನ್ನು ಸುಟ್ಟರೆ ಉತ್ತಮ ಸುಣ್ಣವಾಗುತ್ತದೆ ಎಂಬ ಕಾರಣಕ್ಕೆ ಮಧ್ಯಯುಗದ ರೋಮಿನವರು ತಮ್ಮ ಪೂರ್ವಿಕರ ವಿಗ್ರಹಗಳನ್ನೂ ಕಂಬಗಳನ್ನೂ ಶತಮಾನಗಳ ಕಾಲ ಗೂಡಿಗೆ ಹಾಕಿ ಸುಡುತ್ತಲೇ ಬಂದರು, ಕಂಚಿನ ಪ್ರತಿಮೆಗಳನ್ನು ಕರಗಿಸಿದರು. ಇಷ್ಟೆಲ್ಲ ನಾಶದ ನಡುವೆಯೂ ಸಾಮ್ರಾಟ ಮಾರ್ಕಸ್ ಔರೇಲಿಯಸನ ಕುದುರೆ ಸವಾರಿಯ ಕಂಚಿನ ಪ್ರತಿಮೆ ಇಡಿಯಾಗಿ ಉಳಿದುಕೊಂಡದ್ದಕ್ಕೆ ವಿದ್ವಾಂಸರು ಕೊಡುವ ಕಾರಣ ಸ್ವಾರಸ್ಯಕರವಾಗಿದೆ: ಜನರು ಅದನ್ನು ಕ್ರೈಸ್ತಧರ್ಮಕ್ಕೆ ಆಶ್ರಯವಿತ್ತ ಮೊದಲ ಸಾಮ್ರಾಟ ಕಾನ್‌ಸ್ಟಂಟೈನನ ಪ್ರತಿಮೆಯೆಂದು ನಂಬಿದ್ದರು, ಹಾಗೆಂದೇ ತೋರಿಸುತ್ತಿದ್ದರು. ಅಂದು ಯಾವನಾದರೂ ಪ್ರಾಮಾಣಿಕ ಪಂಡಿತ ಎದ್ದುನಿಂತು, ಇವನು ಕ್ರೈಸ್ತನಲ್ಲ, ಹಳೆಯ ದೇವರುಗಳ ಭಕ್ತ ಎಂದು ಊರಿಗೆಲ್ಲ ಸಾರಿದ್ದರೆ ಆ ಕುದುರೆ ಕರಗಿ ಪಾತ್ರೆಯೋ ಗಂಟೆಯೋ ಆಗಿರುತ್ತಿತ್ತು.

ಯಾತ್ರಿಕರಿಗೆ ಇಂಥ ಕಥೆಗಳನ್ನು ಒದಗಿಸಿದ ಮೊದಲ ದೊಡ್ಡ ಕೈಪಿಡಿ 'ಮಿರಾಬಿಲಿಯಾ ಉರ್ಬಿಸ್ ರೋಮೇ', ಅಂದರೆ ರೋಮ್ ನಗರದ ಅದ್ಭುತಗಳು ಎಂಬ ಲ್ಯಾಟಿನ್ ಪುಸ್ತಕ. 12ನೆಯ ಶತಮಾನದ ನಡುಭಾಗದಲ್ಲಿ ಹುಟ್ಟಿದ ಅದು ಮುಂದಿನ ಕೆಲವು ಶತಮಾನ ನಕಲುಗೊಳ್ಳುತ್ತ, ಬೆಳೆಯುತ್ತ, ಕೊನೆಗೆ ಅಚ್ಚಾಗುತ್ತ ಹೋಯಿತು. ಸಂತ ಪೀಟರನ ಚರ್ಚಿನ ಬಳಿಯಿದ್ದ ಈಜಿಪ್ಟಿನ ಏಕಶಿಲಾ ಸ್ತಂಭದ ತುದಿಯ ಲೋಹದ ಗುಂಡಿನಲ್ಲಿ ಜೂಲಿಯಸ್ ಸೀಸರನ ಚಿತಾಭಸ್ಮವಿದೆ ಎಂಬ ಕಥೆಯನ್ನು ಊರೆಲ್ಲ ಹಬ್ಬಿಸಿದ್ದು ಅದೇ ಪುಸ್ತಕ. 1586ರಲ್ಲಿ ಡೊಮೆನಿಕೊ ಫೊಂಟಾನಾ ಎಂಬ ವಾಸ್ತುಶಿಲ್ಪಿ ಆ ಸ್ತಂಭವನ್ನು ಕೆಳಗಿಳಿಸಿ ಈಗಿರುವ ಚೌಕಕ್ಕೆ ಸಾಗಿಸುವಾಗ ಗುಂಡನ್ನು ಪರೀಕ್ಷಿಸಿ ನೋಡಿದ. ಬೂದಿಯ ಸುಳಿವೇ ಇರಲಿಲ್ಲ. ನಾಲ್ಕು ಶತಮಾನಗಳಿಗೂ ಮಿಕ್ಕಿ ಯಾತ್ರಿಕರು ತಲೆಯೆತ್ತಿ ನೋಡಿ ನಿಟ್ಟುಸಿರಿಟ್ಟದ್ದು ಬರಿಯ ಲೋಹಕ್ಕೆ.

ಮಿರಾಬಿಲಿಯಾ ಹಬ್ಬುತ್ತಿದ್ದ ಕಾಲದಲ್ಲೇ ಗೈಡುಗಳ ಮಾತಿಗೆ ಹುಬ್ಬೇರಿಸಿದವರೂ ಇದ್ದರು. ಇಂಗ್ಲೆಂಡಿನಿಂದ ಬಂದ ಮಾಸ್ಟರ್ ಗ್ರೆಗೋರಿಯಸ್ ಎಂಬ ವಿದ್ಯಾವಂತ ಬರೆದಿಟ್ಟ ಪ್ರವಾಸಕಥನದ ಒಂದೇ ಒಂದು ಹಸ್ತಪ್ರತಿ ಕೇಂಬ್ರಿಜ್‌ನಲ್ಲಿ ಉಳಿದುಕೊಂಡಿದೆ. ಮೇಲೆ ಹೇಳಿದ ಅದೇ ಕುದುರೆ ಸವಾರನನ್ನು ಪರದೇಶದ ಯಾತ್ರಿಕರು ಥಿಯೊಡೊರಿಕ್ ಎಂದೂ, ರೋಮಿನ ಸಾಮಾನ್ಯರು ಕಾನ್‌ಸ್ಟಂಟೈನ್ ಎಂದೂ, ಕಾರ್ಡಿನಲ್‌ಗಳೂ ಪೋಪರ ಆಸ್ಥಾನದ ಲಿಪಿಕಾರರೂ ಮಾರ್ಕಸ್ ಅಥವಾ ಕ್ವಿಂಟಸ್ ಕ್ವಿರಿನಸ್ ಎಂದೂ ಕರೆಯುತ್ತಾರೆಂದು ಅವನು ದಾಖಲಿಸಿದ್ದಾನೆ. ಒಂದೇ ಕಂಚಿಗೆ ಮೂರು ವರ್ಗದವರು ಬೇರೆಬೇರೆ ಹೆಸರು ಕೊಟ್ಟದ್ದನ್ನು ಇಷ್ಟು ಚೊಕ್ಕವಾಗಿ ಗುರುತಿಸಿದವನು ಯಾವ ಕಾಲದಲ್ಲಾದರೂ ಅಪರೂಪ. ಯಾತ್ರಿಕರ ಕಟ್ಟುಕಥೆಗಳನ್ನು ತಳ್ಳಿಹಾಕಿದ ಈ ಗಂಭೀರ ಮನುಷ್ಯನೂ ವೀನಸ್ ದೇವಿಯ ಒಂದು ಅಮೃತಶಿಲೆಯ ವಿಗ್ರಹಕ್ಕೆ ಮನಸೋತು, ಅದು ತನ್ನ ಬಿಡಾರದಿಂದ ದೂರವಿದ್ದರೂ ಮೂರು ಬಾರಿ ಹೋಗಿ ನೋಡಿದನಂತೆ, ಅದಕ್ಕೆ ಯಾವುದೋ ಮಾಟವೇ ಕಾರಣವಿರಬೇಕು ಎಂದು ತಾನೇ ಬರೆದುಕೊಂಡನಂತೆ. ಗೈಡಿನ ಹಂಗಿಲ್ಲದೆ ನೋಡಲು ಕಲಿತವನಿಗೆ ಮಾತ್ರ ಒದಗುವ ಸುಖ ಇದು.

ಇಟಲಿಯ ಕವಿ ಪೆಟ್ರಾರ್ಕ್ ರೋಮಿಗೆ ಮೊದಲು ಬಂದದ್ದು 1337ರಲ್ಲಿ. ಜೊವಾನ್ನಿ ಕೊಲೊನ್ನಾ ಎಂಬ ಮಿತ್ರನೊಡನೆ ಊರೆಲ್ಲ ಅಲೆದು, ದಣಿದಾಗ ಡಯೋಕ್ಲೀಷಿಯನ್ ಸಾಮ್ರಾಟನ ಸ್ನಾನಗೃಹದ, ಅಂದರೆ ಒಂದು ಕೇರಿಯಷ್ಟು ವಿಸ್ತಾರವಾದ ಸಾರ್ವಜನಿಕ ಮಜ್ಜನಶಾಲೆಯ, ಮುರಿದ ಚಾವಣಿಯನ್ನೇರಿ ಕುಳಿತು ಇಬ್ಬರೂ ಹರಟುತ್ತಿದ್ದುದನ್ನು ಅವನು ಪತ್ರವೊಂದರಲ್ಲಿ ನೆನೆದಿದ್ದಾನೆ. ಹಳೆಯ ಕಾಲದ ಮಾತು ಬಂದಾಗ ಪೆಟ್ರಾರ್ಕ್ ಮುಂದಾಳು, ಕ್ರೈಸ್ತ ಕಾಲದ ಮಾತು ಬಂದಾಗ ಕೊಲೊನ್ನಾ. ಒಬ್ಬರಿಗೊಬ್ಬರು ಗೈಡಾಗುವ ಈ ಏರ್ಪಾಡಿಗಿಂತ ಚೆಂದದ್ದು ಆಮೇಲೆ ಬರಲೇ ಇಲ್ಲ ಎನ್ನಬೇಕು. ಆದರೂ ಸೆಸ್ಟಿಯಸ್ ಎಂಬವನ ಸಮಾಧಿಯಾದ ಪಿರಮಿಡ್ಡನ್ನು ಪೆಟ್ರಾರ್ಕ್ ರೋಮ್ ನಗರ ಸ್ಥಾಪಕನ ತಮ್ಮ ರೀಮಸನ ಸಮಾಧಿಯೆಂದೇ ಬರೆದ, ಸೆಸ್ಟಿಯಸನ ಹೆಸರು ಅದರ ಮೈಮೇಲೆ ದಪ್ಪ ಅಕ್ಷರಗಳಲ್ಲಿ ಕೆತ್ತಿದ್ದರೂ. ಸುಮಾರು ನೂರು ವರ್ಷಗಳ ನಂತರ ಹಳೆಯ ಹಸ್ತಪ್ರತಿಗಳ ಬೇಟೆಗಾರ ಪೊಜೊ ಬ್ರಾಚೊಲೀನಿ ಈ ತಪ್ಪನ್ನು ಎತ್ತಿ ಆಡಿ, ಅಕ್ಷರಗಳ ಮೇಲೆ ಪೊದೆ ಬೆಳೆದಿದ್ದುದರಿಂದ ಕವಿ ಓದುವ ಶ್ರಮ ತೆಗೆದುಕೊಳ್ಳಲಿಲ್ಲವೇನೋ ಎಂದು ಸಮಾಧಾನ ಹೇಳಿದ. ಇದೇ ಪೊಜೊ, ತಾನು ರೋಮಿಗೆ ಹೊಸದಾಗಿ ಬಂದಾಗ ಬಹುಪಾಲು ಇಡಿಯಾಗಿದ್ದ ಗುಡಿಯೊಂದು ತನ್ನ ಕಣ್ಣೆದುರೇ ಸುಣ್ಣವಾಗಿ ಹೋದುದನ್ನೂ ಬರೆದಿದ್ದಾನೆ. 16ನೆಯ ಶತಮಾನದಲ್ಲಿ ಚಿತ್ರಕಾರ ರಾಫೆಲ್ ಈ ಸುಣ್ಣದ ಗೂಡುಗಳ ವಿರುದ್ಧ ಪೋಪ್ 10ನೆಯ ಲಿಯೋಗೆ ಪತ್ರ ಬರೆದ, 1554ರಲ್ಲಿ ವಾಸ್ತುಶಿಲ್ಪಿ ಪಲ್ಲಾಡಿಯೊ ಮಿರಾಬಿಲಿಯಾದ ಕಟ್ಟುಕಥೆಗಳನ್ನು ಬದಿಗೊತ್ತಿ ಒಂದು ಸಣ್ಣ ಕೈಪಿಡಿಯನ್ನು ಅಚ್ಚು ಹಾಕಿಸಿದ. ಆದರೆ ಗೈಡಿನ ಕೆಲಸ ಒಂದು ನಿಜವಾದ ಕಸುಬಾಗಿ ನೆಲೆನಿಂತದ್ದನ್ನು ನೋಡಲು 18ನೆಯ ಶತಮಾನಕ್ಕೇ ನೆಗೆಯಬೇಕು.

ಆ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರು ಮಕ್ಕಳನ್ನು ಓದು ಮುಗಿದ ಮೇಲೆ ಒಂದೆರಡು ವರ್ಷ ಯೂರೋಪು ಸುತ್ತಿಬರಲು ಕಳಿಸುತ್ತಿದ್ದರು. ಗ್ರ್ಯಾಂಡ್ ಟೂರ್ ಎಂದು ಹೆಸರಾದ ಈ ಯಾತ್ರೆಯ ಕೊನೆಯ ಗುರಿ ರೋಮ್. ಅಲ್ಲಿ ಅವರನ್ನು ಕಾದಿದ್ದವರು ಚಿಚೆರೋನೆಗಳು. ಪ್ರಾಚೀನ ವಾಗ್ಮಿ ಸಿಸೆರೊನ ಹೆಸರಿನಿಂದ ಬಂದ ಈ ಪದ ಅವಶೇಷಗಳನ್ನು ವಿವರಿಸುವ ಮಾರ್ಗದರ್ಶಿಗೆ ಸಲ್ಲುತ್ತಿತ್ತು. ಕ್ರಮವಾದ ಪಾಠಕ್ಕೆ ದಿನಕ್ಕೆ ಮೂರು ಗಂಟೆಯಂತೆ ಸುಮಾರು ಆರು ವಾರ ಹಿಡಿಯುತ್ತಿತ್ತೆಂದು ಸ್ಕಾಟ್ಲೆಂಡಿನ ವೈದ್ಯ ಜಾನ್ ಮೂರ್ 1781ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಬರೆದಿದ್ದಾನೆ. ಇಷ್ಟು ತಾಳ್ಮೆಯಿಲ್ಲದ ಒಬ್ಬ ಇಂಗ್ಲಿಷ್ ತರುಣ ನಾಲ್ಕು ಕುದುರೆಯ ಗಾಡಿ ಗೊತ್ತುಮಾಡಿಕೊಂಡು ಬೆಳಗ್ಗೆ ಬೇಗ ಹೊರಟು, ಚರ್ಚು, ಅರಮನೆ, ಪಾಳುಗುಡಿಗಳನ್ನೆಲ್ಲ ಎರಡೇ ದಿನಗಳಲ್ಲಿ ಮುಗಿಸಿದನೆಂದೂ, ಪಟ್ಟಿ ಹೋಲಿಸಿ ನೋಡಿದಾಗ ಅವನು ಬಿಟ್ಟದ್ದು ಏನೂ ಇರಲಿಲ್ಲವೆಂದೂ ಅವನೇ ನಗುತ್ತ ಹೇಳುತ್ತಾನೆ. ಇದಕ್ಕೆ ತದ್ವಿರುದ್ಧವಾಗಿ, 1765ರ ಮಾರ್ಚಿನಲ್ಲಿ ಕಾಲಿನ್ ಮಾರಿಸನ್ ಎಂಬ ಗೈಡಿನ ಜೊತೆ ಹೊರಟ 24 ವರ್ಷದ ಜೇಮ್ಸ್ ಬಾಸ್‌ವೆಲ್, ಮುಂದೆ ಡಾಕ್ಟರ್ ಜಾನ್‌ಸನ್ನನ ಜೀವನಚರಿತ್ರೆ ಬರೆದು ಪ್ರಸಿದ್ಧನಾದವನು, ಉತ್ಸಾಹ ಉಕ್ಕಿ ಲ್ಯಾಟಿನ್ನಿನಲ್ಲೇ ಮಾತಾಡತೊಡಗಿದ; ಮಾರಿಸನ್ ಮೊದಲು ನಕ್ಕನಾದರೂ ಲ್ಯಾಟಿನ್ನಿನಲ್ಲೇ ಉತ್ತರಿಸಿದ, ಆಮೇಲೆ ಪಾಠ ಮುಗಿಯುವವರೆಗೂ ಇಬ್ಬರೂ ಅದೇ ಭಾಷೆಯಲ್ಲಿ ಮಾತಾಡಬೇಕೆಂದು ನಿಶ್ಚಯಿಸಿಕೊಂಡರು. ಇಬ್ಬರು ಸ್ಕಾಟರು ಅವಶೇಷಗಳ ನಡುವೆ ಸಿಸೆರೊನ ಭಾಷೆಯನ್ನು ತಡವರಿಸುತ್ತ ಸಾಗುವ ಈ ದೃಶ್ಯ ನಗೆ ತರಿಸುವಂಥದು, ಜೊತೆಗೆ ಹೊಟ್ಟೆಕಿಚ್ಚನ್ನೂ.

ಈ ಕಸುಬಿನವರಲ್ಲೆಲ್ಲ ಹೆಚ್ಚು ಹೊತ್ತು ನಿಂತು ನೋಡಬೇಕಾದ ವ್ಯಕ್ತಿ ಜೇಮ್ಸ್ ಬೈರ್ಸ್. ಸ್ಕಾಟ್ಲೆಂಡಿನ ಅಬರ್ಡೀನ್ ಸೀಮೆಯ ಟೋನ್ಲಿ ಎಂಬಲ್ಲಿನ ಅವನ ಮನೆತನದವರು ಜಾಕೋಬೈಟ್ ಪಂಗಡಕ್ಕೆ, ಅಂದರೆ ಪದಚ್ಯುತವಾದ ಸ್ಟುವರ್ಟ್ ರಾಜವಂಶವನ್ನು ಮರಳಿ ಗದ್ದುಗೆಗೆ ತರಬೇಕೆಂದು ಹೋರಾಡಿದವರ ಗುಂಪಿಗೆ ಸೇರಿದವರು. 1745ರ ದಂಗೆ ಸೋತಾಗ ತಂದೆ ಸಂಸಾರ ಸಮೇತ ಫ್ರಾನ್ಸಿಗೆ ಪಲಾಯನ ಮಾಡಬೇಕಾಯಿತು. ಮಗ 1758ರಲ್ಲಿ ಚಿತ್ರಕಾರನಾಗಬೇಕೆಂದು ರೋಮಿಗೆ ಬಂದು, ಚಿತ್ರಕಲೆ ಒಲಿಯದೆ ವಾಸ್ತುಶಿಲ್ಪಕ್ಕೆ ತಿರುಗಿ, 1762ರಲ್ಲಿ ಅಲ್ಲಿನ ಸಂತ ಲೂಕನ ಕಲಾ ಅಕಾಡೆಮಿಯ ಸ್ಪರ್ಧೆಯಲ್ಲಿ ಬಹುಮಾನವನ್ನೂ ಪಡೆದ. ಆದರೆ ಅವನು ಬರೆದ ನಕ್ಷೆಗಳಲ್ಲಿ ನೆಲದ ಮೇಲೆ ಎದ್ದು ನಿಂತವು ಬಹಳ ಕಡಿಮೆ. ಕಟ್ಟುವ ಅವಕಾಶ ಸಿಗದವನು, ಬಿದ್ದದ್ದು ಹೇಗೆ ನಿಂತಿತ್ತೆಂದು ವಿವರಿಸುವ ಕೆಲಸಕ್ಕೆ ಇಳಿದ. ಗೋಡೆಯ ದಪ್ಪ, ಕಮಾನಿನ ಅಗಲ, ಇಟ್ಟಿಗೆಯ ವರಸೆ ನೋಡಿ ಚಾವಣಿಯ ಎತ್ತರವನ್ನು ಊಹಿಸಬಲ್ಲ ಗೈಡು ರೋಮಿನಲ್ಲಿ ದುರ್ಲಭನಾಗಿದ್ದುದರಿಂದ ಕೆಲವೇ ವರ್ಷಗಳಲ್ಲಿ ಬ್ರಿಟಿಷ್ ಪ್ರವಾಸಿಗಳೆಲ್ಲ ಅವನ ಮನೆಯ ಬಾಗಿಲು ತಟ್ಟುವಂತಾಯಿತು.

ಅವನ ಶಿಷ್ಯರಲ್ಲಿ ಒಬ್ಬ ಎಡ್ವರ್ಡ್ ಗಿಬ್ಬನ್. 1764ರ ಅಕ್ಟೋಬರ್ ಆರಂಭದಲ್ಲಿ ರೋಮ್ ಸೇರಿದ ಗಿಬ್ಬನ್, ಅದೇ ತಿಂಗಳ 15ರಂದು ಕ್ಯಾಪಿಟೋಲ್ ಗುಡ್ಡದ ಅವಶೇಷಗಳ ನಡುವೆ ಕುಳಿತು, ಬರಿಗಾಲಿನ ಸಂನ್ಯಾಸಿಗಳು ಸಂಜೆಯ ಪ್ರಾರ್ಥನೆ ಹಾಡುತ್ತಿದ್ದುದನ್ನು ಕೇಳುತ್ತಿದ್ದಾಗ ಈ ನಗರದ ಪತನದ ಚರಿತ್ರೆಯನ್ನು ಬರೆಯುವ ಯೋಚನೆ ತನಗೆ ಹೊಳೆಯಿತೆಂದು ಆತ್ಮಕಥನದಲ್ಲಿ ಹೇಳಿಕೊಂಡಿರುವುದು ಪ್ರಸಿದ್ಧ. ಆ ಯೋಚನೆಯೇ 1776ರಿಂದ 1788ರವರೆಗೆ ಆರು ಸಂಪುಟಗಳಾಗಿ ಹೊರಬಂದ ರೋಮ್ ಸಾಮ್ರಾಜ್ಯದ ಅವನತಿ ಮತ್ತು ಪತನದ ಇತಿಹಾಸ. ಆ ಸಂಜೆಯ ಹಾಡನ್ನು ಎಲ್ಲರೂ ನೆನೆಯುತ್ತಾರೆ, ಬೈರ್ಸನನ್ನು ಯಾರೂ ನೆನೆಯುವುದಿಲ್ಲ. 18 ವಾರಗಳ ಕಾಲ ಪ್ರತಿದಿನ ಕಲ್ಲಿಂದ ಕಲ್ಲಿಗೆ ನಡೆಸಿದ ಈ ಮನುಷ್ಯನಿಗೆ ಗಿಬ್ಬನ್ ಮೀಸಲಿಟ್ಟದ್ದು ಒಂದೇ ವಾಕ್ಯ. ಅದರ ಮೊದಲರ್ಧದಲ್ಲಿ ಅವನ ಅನುಭವ ಮತ್ತು ಅಭಿರುಚಿಗೆ ಮೆಚ್ಚುಗೆಯಿದ್ದರೆ, ಎರಡನೆಯ ಅರ್ಧದಲ್ಲಿ ಅಷ್ಟು ವಾರ ಕಿವಿಗೊಟ್ಟು ಕೇಳಿ ತನಗೆ ಆಗಾಗ ಆಯಾಸವಾಗುತ್ತಿತ್ತೆಂಬ ಒಪ್ಪಿಗೆಯಿದೆ. ಕೇಳಿದವನಿಗೇ ಆಯಾಸವಾಗಿದ್ದರೆ, ವರ್ಷವರ್ಷವೂ ಹೊಸ ಹೊಸ ಪ್ರಭುಕುಮಾರರಿಗೆ ಅದನ್ನೇ ಮೊದಲಿಂದ ಹೇಳಬೇಕಾದವನ ಪಾಡನ್ನು ಗಿಬ್ಬನ್‌ನಂಥ ಸೂಕ್ಷ್ಮದರ್ಶಿಯೂ ಯೋಚಿಸಲಿಲ್ಲವೆಂಬುದು ಬೇಸರದ ಸಂಗತಿ.

ಬೈರ್ಸ್‌ನನ್ನು ಸಂತನೆಂದು ಚಿತ್ರಿಸಲು ಮಾತ್ರ ಸಾಧ್ಯವಿಲ್ಲ. ಆ ಕಾಲದ ದೊಡ್ಡ ಗೈಡುಗಳೆಲ್ಲ ಕಲಾವಸ್ತುಗಳ ವ್ಯಾಪಾರಿಗಳೂ ಆಗಿದ್ದರು. ಬೆಳಗ್ಗೆ ವಿಗ್ರಹವೊಂದನ್ನು ಮನಮುಟ್ಟುವಂತೆ ವರ್ಣಿಸಿದವನೇ ಸಂಜೆ ಅಂಥದೇ ಇನ್ನೊಂದನ್ನು ಮಾರುತ್ತಿದ್ದ. ಫ್ರೆಂಚ್ ಚಿತ್ರಕಾರ ನಿಕೊಲಾ ಪೂಸೇನ್ ಕ್ರೈಸ್ತರ ಏಳು ಸಂಸ್ಕಾರಗಳ ಕುರಿತು ರಚಿಸಿದ ಏಳು ಚಿತ್ರಗಳು ರೋಮಿನ ಬೊಕಾಪಾದೂಲಿ ಮನೆತನದಲ್ಲಿದ್ದವು. ಅವು ದೇಶ ಬಿಟ್ಟು ಹೋಗಲು ಪೋಪರ ಸರ್ಕಾರ ಬಿಡುವಂತಿರಲಿಲ್ಲ. ಬೈರ್ಸ್ ಒಂದೊಂದರದೂ ನಕಲು ಬರೆಸಿ, ಮೂಲಚಿತ್ರವನ್ನು ಇಳಿಸಿ ಅದರ ಜಾಗದಲ್ಲಿ ನಕಲನ್ನು ತೂಗುಹಾಕಿ, ಮೂಲಗಳನ್ನೇ ನಕಲುಗಳೆಂದು ತೋರಿಸಿ ಗಡಿ ದಾಟಿಸಿ, 1785ರ ಹೊತ್ತಿಗೆ ರಟ್ಲಂಡಿನ ಡ್ಯೂಕನಿಗೆ ಮಾರಿದ. ಆಮೇಲೂ ಆ ಮನೆಗೆ ಬಂದ ಪ್ರವಾಸಿಗಳು ಗೋಡೆಯ ಮೇಲಿನ ನಕಲುಗಳನ್ನು ನೋಡಿ ಪೂಸೇನನ ಕೈಚಳಕವನ್ನು ಹೊಗಳುತ್ತಲೇ ಇದ್ದರು. ನೀಲಿ ಗಾಜಿನ ಮೇಲೆ ಬಿಳಿ ಗಾಜಿನ ಉಬ್ಬುಚಿತ್ರಗಳಿರುವ ರೋಮನ್ ಹೂಜಿಯೊಂದು, ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಪೋರ್ಟ್‌ಲಂಡ್ ಹೂಜಿ, ಬಾರ್ಬೆರಿನಿ ಮನೆತನದಿಂದ ಹೊರಬಿದ್ದದ್ದೂ ಬೈರ್ಸನ ಕೈಯಿಂದಲೇ. ಮಾರುವ ಮುನ್ನ ಅವನು ಅದರ ಅಚ್ಚು ತೆಗೆಸಿಕೊಂಡಿದ್ದ.

ಇಷ್ಟೆಲ್ಲ ಜಾಣತನವಿದ್ದವನ ನಿಜವಾದ ಕನಸು ಬೇರೆಯದೇ ಆಗಿತ್ತು. ರೋಮನ್ನರಿಗಿಂತ ಹಿಂದೆ ಇಟಲಿಯ ನಡುಭಾಗವನ್ನು ಆಳಿದ ಎಟ್ರಸ್ಕನ್ ಜನರ ಬಗ್ಗೆ ದೊಡ್ಡ ಗ್ರಂಥ ಬರೆಯಬೇಕೆಂದು ಹೊರಟು, ತಾರ್ಕ್ವೀನಿಯದ ನೆಲಮಾಳಿಗೆಯಂಥ ಸಮಾಧಿಗಳಿಗೆ ಇಳಿದು, ಅಲ್ಲಿನ ಭಿತ್ತಿಚಿತ್ರಗಳನ್ನು ಗೆರೆಗೆರೆಯಾಗಿ ದಾಖಲಿಸುವಂತೆ ಮಾಡಿ, ಆಸಕ್ತರಿಂದ ಮುಂಗಡ ಚಂದಾವನ್ನೂ ಕೇಳಿದ್ದ. ಗ್ರಂಥ ಬರಲೇ ಇಲ್ಲ. 1790ರಲ್ಲಿ ಊರಿಗೆ ಮರಳಿದ ಬೈರ್ಸ್ 1817ರಲ್ಲಿ ಟೋನ್ಲಿಯಲ್ಲೇ ತೀರಿಕೊಂಡ; ಚಿತ್ರಗಳು ಮಾತ್ರ 1842ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅಷ್ಟರಲ್ಲಿ ಆ ಸಮಾಧಿಗಳಲ್ಲಿ ಕೆಲವು ಹಾಳಾಗಿ ಹೋಗಿದ್ದುದರಿಂದ, ಅವುಗಳ ಗೋಡೆಗಳ ಮೇಲೆ ಏನಿತ್ತೆಂದು ತಿಳಿಯಲು ಇವತ್ತಿನ ವಿದ್ವಾಂಸರು ಈ ಗೈಡಿನ ಹಾಳೆಗಳನ್ನೇ ತಿರುವಿಹಾಕಬೇಕಾಗಿದೆ.

ಬೈರ್ಸನ ಸಮಕಾಲೀನರಲ್ಲಿ ವಿದ್ವತ್ತಿನ ಶಿಖರವೆಂದರೆ ಜರ್ಮನಿಯ ಚಮ್ಮಾರನ ಮಗ ಯೋಹಾನ್ ವಿಂಕೆಲ್ಮನ್. 1763ರಲ್ಲಿ ಪೋಪರ ಪ್ರಾಚ್ಯವಸ್ತುಗಳ ಅಧಿಕಾರಿಯಾಗಿ, ಮರುವರ್ಷ ಪ್ರಾಚೀನ ಕಲೆಯ ಚರಿತ್ರೆಯನ್ನು ಪ್ರಕಟಿಸಿ ಆ ಶಾಸ್ತ್ರಕ್ಕೇ ತಳಹದಿ ಹಾಕಿದ ಈ ಮಹಾಪಂಡಿತನೂ ಗಣ್ಯರು ಬಂದಾಗ ಗೈಡಾಗಿ ನಡೆಯಲೇಬೇಕಿತ್ತು. ಲಾರ್ಡ್ ಬಾಲ್ಟಿಮೋರ್ ಎಂಬ ಧನಿಕ ಬೋರ್ಗೀಸೆ ಉದ್ಯಾನಭವನದ ವಿಗ್ರಹರಾಶಿಗೆ ಹತ್ತೇ ನಿಮಿಷ ಕೊಟ್ಟನೆಂದು ಅವನು ಪತ್ರದಲ್ಲಿ ನೊಂದುಕೊಂಡಿದ್ದಾನೆ. ಈ ಕಸುಬಿನ ಕೆಳದರ್ಜೆಯ ಕಥೆಗಳೂ ಇವೆ: ಥಾಮಸ್ ಜೆಂಕಿನ್ಸ್ ಎಂಬ ವ್ಯಾಪಾರಿ ಕೊಲೊಸಿಯಂ ಬಯಲುಮಂದಿರದ ಕಮಾನುಗಳಡಿಯಲ್ಲೇ ಕೆಲಸಗಾರರನ್ನು ಕೂರಿಸಿ, ಕೆತ್ತನೆಯ ಹರಳುಗಳನ್ನು ಹೊಸದಾಗಿ ಮಾಡಿಸಿ ಪುರಾತನವೆಂದು ಮಾರಿಸುತ್ತಿದ್ದನಂತೆ. ಕೊಲೊಸಿಯಂ ನೋಡಲು ಬಂದವನು ಅಲ್ಲಿಯೇ ತಯಾರಾದ ಸುಳ್ಳನ್ನು ಕೊಂಡು ಊರಿಗೆ ಒಯ್ಯುತ್ತಿದ್ದ ಎಂದರೆ ಈ ವ್ಯಾಪಾರದ ಅಚ್ಚುಕಟ್ಟಿಗೆ ತಲೆದೂಗಲೇಬೇಕು.

19ನೆಯ ಶತಮಾನ ಗೈಡುಗಳ ಬಾಯಿಂದ ಮಾತು ಕಸಿದುಕೊಂಡ ಕಾಲ. ದನ ಮೇಯುವ ಬಯಲು ಎಂಬ ಹೆಸರನ್ನೇ ಪಡೆದಿದ್ದ ಫೋರಂನ ಮಣ್ಣನ್ನು ಅಗೆಯತೊಡಗಿದಾಗ ಹಳೆಯ ಕಥೆಗಳು ಒಂದೊಂದಾಗಿ ಉದುರಿದವು. ಯಾವುದೋ ಗುಡಿಯದೆಂದೂ ಸಾಮ್ರಾಟ ಕಲಿಗುಲನ ಸೇತುವೆಯದೆಂದೂ ಹೇಳಲಾಗುತ್ತಿದ್ದ ಒಂಟಿ ಕಂಬವೊಂದರ ಬುಡವನ್ನು 1813ರಲ್ಲಿ ಬಿಡಿಸಿ ನೋಡಿದರೆ, ಅದು 608ರಲ್ಲಿ ಫೋಕಾಸ್ ಎಂಬ ಬೈಜಾಂಟಿಯಮ್ಮಿನ ಕ್ರೂರ ಸಾಮ್ರಾಟನಿಗೆ ಅರ್ಪಿಸಿದ್ದೆಂದು ಶಾಸನವೇ ಹೇಳಿತು. 1843ರಲ್ಲಿ ಮರ್ರೆ ಎಂಬ ಲಂಡನ್ನಿನ ಪ್ರಕಾಶಕನ ಕೈಪಿಡಿ ಬಂತು, 1864ರಲ್ಲಿ ಪ್ರವಾಸ ಸಂಘಟಕ ಥಾಮಸ್ ಕುಕ್ ಇಟಲಿಗೆ ಗುಂಪುಗಳನ್ನು ಕರೆತಂದ, ಆರು ವಾರದ ಪಾಠ ಕೆಲವು ದಿನಗಳಿಗೆ ಇಳಿಯಿತು. 1867ರಲ್ಲಿ ಬಂದ ಅಮೆರಿಕದ ಮಾರ್ಕ್ ಟ್ವೇನ್ ಮತ್ತು ಗೆಳೆಯರು ಎಲ್ಲ ಗೈಡುಗಳನ್ನೂ ಫರ್ಗ್ಯೂಸನ್ ಎಂಬ ಒಂದೇ ಹೆಸರಿನಿಂದ ಕರೆದು, ಯಾವ ಮಹಾಪುರುಷನ ವಿಗ್ರಹ ತೋರಿಸಿದರೂ, ಕೊನೆಗೆ ಈಜಿಪ್ಟಿನ ಮಮ್ಮಿಯನ್ನೇ ತೋರಿಸಿದರೂ, ಈತ ಸತ್ತಿದ್ದಾನೆಯೇ ಎಂದು ಕೇಳಿ ಅವರನ್ನು ಗೋಳಾಡಿಸಿದರು. ಓದಲು ಬಲು ತಮಾಷೆ. ಆದರೆ ಬೈರ್ಸನ ಕಸುಬು ಆ ಹೊತ್ತಿಗೆ ಎಷ್ಟು ಅಗ್ಗವಾಗಿತ್ತೆಂಬುದಕ್ಕೂ ಅದೇ ಸಾಕ್ಷಿ.

ಆ ಅಗ್ಗದ ಕಾಲದ ಕೊನೆಯಲ್ಲಿ ಕಸುಬಿನ ಮಾನ ಕಾಪಾಡಿದವನು ವೆನಿಸ್ಸಿನ ಜಾಕೊಮೊ ಬೋನಿ. 1898ರಿಂದ ಫೋರಂನ ಉತ್ಖನನವನ್ನು ನಡೆಸಿದ ಈತ, ಮಣ್ಣಿನ ಒಂದೊಂದು ಪದರವನ್ನೂ ಪ್ರತ್ಯೇಕವಾಗಿ ಬಿಡಿಸುತ್ತ, ಸೈನ್ಯದ ಬಲೂನಿನಿಂದ ಮೇಲಿನ ನೋಟದ ಫೋಟೋ ತೆಗೆಸುತ್ತ, 1899ರಲ್ಲಿ ಲಾಪಿಸ್ ನೈಜರ್ ಎಂಬ ಕರಿಯ ಹಾಸುಗಲ್ಲನ್ನೂ ಅದರಡಿಯಲ್ಲಿ ಕ್ರಿಸ್ತಪೂರ್ವ 6ನೆಯ ಶತಮಾನದ್ದೆನ್ನಲಾದ ಶಾಸನವನ್ನೂ ಪತ್ತೆಹಚ್ಚಿದ. ರೋಮನ್ನು ಆಳಿದ ರಾಜರೆಲ್ಲ ಬರಿಯ ಕಟ್ಟುಕಥೆಯೆಂದು ಪಂಡಿತರು ತೀರ್ಪು ಕೊಟ್ಟಿದ್ದ ಹೊತ್ತಿನಲ್ಲಿ ಆ ಕಲ್ಲಿನ ಮೇಲೆ ರಾಜನೆಂಬ ಅರ್ಥದ ಪದ ಓದಲು ಸಿಕ್ಕಿತು. ಅಗೆದವನೇ ನಿಂತು ತೋರಿಸುವ ಭಾಗ್ಯ ಅಂದಿನ ಸಂದರ್ಶಕರದು. ಫ್ರೆಂಚ್ ಲೇಖಕ ಅನತೋಲ್ ಫ್ರಾನ್ಸ್ 1905ರ ತನ್ನ ಕೃತಿಯೊಂದರಲ್ಲಿ ಬೋನಿಯನ್ನು ಪಾತ್ರವಾಗಿಯೇ ಕೂರಿಸಿ ಮಾತಾಡಿಸಿದ್ದಾನೆ. ಬೋನಿ 1925ರಲ್ಲಿ ತೀರಿಕೊಂಡ. ಅವನ ಸಮಾಧಿ ಫೋರಂನ ಮೇಲಿನ ಪಲಟೈನ್ ಗುಡ್ಡದಲ್ಲೇ ಇದೆ. ಏಳು ವರ್ಷದ ತರುವಾಯ, 1932ರಲ್ಲಿ, ಮುಸೊಲಿನಿ ಜನವಸತಿಯ ಕೇರಿಗಳನ್ನು ಕೆಡವಿಸಿ, ಅಡ್ಡವಿದ್ದ ವೇಲಿಯಾ ದಿಬ್ಬವನ್ನು ಕತ್ತರಿಸಿ, ಸಾಮ್ರಾಟರ ಫೋರಂಗಳ ಮೇಲೆಯೇ ಕೊಲೊಸಿಯಂವರೆಗೆ ಮೆರವಣಿಗೆಯ ಅಗಲ ರಸ್ತೆ ಹಾಸಿದ. ಮಣ್ಣಿನ ಪದರಗಳನ್ನು ಓದಲು ಬೋನಿ ಕಲಿಸಿದ್ದ ಊರಿನಲ್ಲೇ ಅವು ಬಂಡಿಗಟ್ಟಲೆ ಸಾಗಿಹೋದವು.

ಇಂದು ಇಟಲಿಯಲ್ಲಿ ಗೈಡಾಗಬೇಕಾದವರು ಪರೀಕ್ಷೆ ಕಟ್ಟಿ ಪರವಾನಗಿ ಪಡೆಯಬೇಕು; ಆದ್ದರಿಂದ ಸೀಸರನ ಬೂದಿಯ ಕಥೆ ಹೇಳುವವರು ಈಗ ವಿರಳ. ಸಂದರ್ಶಕರ ಕಿವಿಗೆ ಸಣ್ಣ ಯಂತ್ರ ಸಿಕ್ಕಿಸಿ, ಕೋಲಿನ ತುದಿಗೆ ಬಣ್ಣದ ಬಟ್ಟೆ ಕಟ್ಟಿಕೊಂಡು, ಗೊತ್ತಾದ ವೇಳೆಗೆ ಒಳಹೊಕ್ಕು ಕೊಲೊಸಿಯಂ, ಫೋರಂ, ಪಲಟೈನ್ ಮೂರನ್ನೂ ಸುಮಾರು ಮೂರು ಗಂಟೆಯಲ್ಲಿ ತೋರಿಸಿ ಮುಗಿಸುವುದು ವಾಡಿಕೆ. ಮೂರ್ ನಗುತ್ತ ವರ್ಣಿಸಿದ ನಾಲ್ಕು ಕುದುರೆಯ ತರುಣ ಇವರೆದುರು ಸೋಮಾರಿಯಾಗಿ ಕಾಣುತ್ತಾನೆ. ಆ ಮೂರು ಗಂಟೆಯಲ್ಲಿ ಹೆಚ್ಚಿನವರು ತೋರಿಸದೆ ದಾಟಿಹೋಗುವ ಒಂದು ಸಂಗತಿ ಬಸಿಲಿಕಾ ಜೂಲಿಯಾದಲ್ಲಿದೆ, ಅಂದರೆ ಫೋರಂನ ದಕ್ಷಿಣ ಅಂಚಿನುದ್ದಕ್ಕೂ ಚಾಚಿದ್ದ, ಸೀಸರ್ ಆರಂಭಿಸಿದ ನ್ಯಾಯಸಭಾಭವನದಲ್ಲಿ. ವ್ಯಾಜ್ಯದ ಸರದಿಗೆ ಕಾಯುತ್ತಲೋ ಸುಮ್ಮನೆ ಹೊತ್ತು ಕಳೆಯುತ್ತಲೋ ಕುಳಿತ ರೋಮನ್ನರು ಅಲ್ಲಿನ ಮೆಟ್ಟಿಲ ಕಲ್ಲುಗಳ ಮೇಲೆ ಆಟದ ಮನೆಗಳನ್ನು, ಗೆರೆಗಳನ್ನು, ವೃತ್ತಗಳನ್ನು ಕೊರೆದಿದ್ದಾರೆ. ಹಂಪಿಯ ಗುಡಿಗಳ ಹಾಸುಗಲ್ಲಿನ ಮೇಲೆ ಕೊರೆದ ಆಟದ ಮನೆಗಳನ್ನು ಕಂಡವರಿಗೆ ಅವು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ರೋಮಿಗೆ ಹೋಗುವವರು ಅವನ್ನು ತೋರಿಸುವಂತೆ ಗೈಡನ್ನು ಒತ್ತಾಯಿಸಬೇಕು. ಗುಂಪು ಮುಂದೆ ಸಾಗಿದರೆ ಸಾಗಲಿ.